ಟೈಮಿಂಗ್ ಬೆಲ್ಟ್ ಗುಂಯ್‌ಗುಟ್ಟಿದರೆ ಇನ್ನಷ್ಟು ಬಿಗಿ ಮಾಡಬೇಡಿ

ಇಂಜಿನ್‌ನ ಮುಂಭಾಗದಲ್ಲಿ ಏನೋ ಸದ್ದು ಬಂತು ಅಂದರೆ ಸಾಕು, ಕೈ ಮೊದಲು ಹೋಗುವುದು ಟೈಮಿಂಗ್ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೋಲ್ಟಿಗೆ. ಬೆಲ್ಟ್ ಲೂಸ್ ಆಗಿದೆ, ಒಂಚೂರು ಟೈಟ್ ಮಾಡಿದರೆ ಸರಿಹೋಗುತ್ತದೆ ಅನ್ನುವ ಲೆಕ್ಕ. ನನ್ನ ಅನುಭವ ಇದಕ್ಕೆ ಉಲ್ಟಾ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಲೂಸ್ ಬೆಲ್ಟ್ ಮಾಡಿದ ಸದ್ದಿಗಿಂತ ಅತಿಯಾಗಿ ಬಿಗಿದ ಬೆಲ್ಟ್ ಮಾಡಿದ ಸದ್ದೇ ಜಾಸ್ತಿ. ಇನ್ನು ಎಷ್ಟೋ ಸಲ ಸದ್ದಿಗೂ ಟೈಮಿಂಗ್ ಬೆಲ್ಟಿಗೂ ಸಂಬಂಧವೇ ಇರುವುದಿಲ್ಲ.

ಹೆದರಿಕೆ ಸಹಜವೇ. ಬೆಲ್ಟ್ ಸಡಿಲವಿದ್ದರೆ ಹಲ್ಲು ಹಾರುತ್ತದೆ. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮಿಗೂ ಈ ಬೆಲ್ಟ್ ಕೊಡುವ ಹೊಂದಾಣಿಕೆ ತಪ್ಪುತ್ತದೆ. ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬರುವ ಜಾಗಕ್ಕೇ ವಾಲ್ವ್ ಕೆಳಗಿಳಿಯುತ್ತದೆ, ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬರುವುದರಿಂದ ಮಾತ್ರ ಡಿಕ್ಕಿ ತಪ್ಪುತ್ತದೆ. ಅಂಥ ಇಂಜಿನ್‌ನಲ್ಲಿ ಬೆಲ್ಟ್ ಕೈಕೊಟ್ಟರೆ ವಾಲ್ವ್ ಬಾಗಿತು ಅಂತಲೇ ತಿಳಿಯಿರಿ. ಈ ಭಯಕ್ಕೇ ಜನ ಬಿಗಿದು ಬಿಗಿದು ಇಡುತ್ತಾರೆ. ಆದರೆ ಬಿಗಿದ ಬೆಲ್ಟ್ ಸುಮ್ನೆ ಕೂರುವುದಿಲ್ಲ. ವಾಟರ್ ಪಂಪ್ ಬೇರಿಂಗ್, ಟೆನ್ಷನರ್ ಬೇರಿಂಗ್, ಕ್ಯಾಮ್‌ನ ಮುಂದಿನ ಬೇರಿಂಗ್, ಆಯಿಲ್ ಸೀಲ್ ಎಲ್ಲವನ್ನೂ ಒಂದೇ ಪಕ್ಕಕ್ಕೆ ಎಳೆದು ತಿನ್ನುತ್ತದೆ. ಬೇರಿಂಗ್ ಜಾಮ್ ಆದರೆ ಕೊನೆಗೆ ಹೋಗುವುದು ಅದೇ ಬೆಲ್ಟ್.

ಮಾರಾಟದ ಕಾರುಗಳ ಇಂಜಿನ್‌ಗೆ ಹಲ್ಲಿನ ಬೆಲ್ಟ್ ಬಂದದ್ದು 1960ರ ದಶಕದಲ್ಲಿ. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯ 1004 ಕಾರು ಇಂಥ ಬೆಲ್ಟ್ ಹಾಕಿಕೊಂಡು ಮಾರುಕಟ್ಟೆಗೆ ಬಂತು. ಇದೇ ಕೆಲಸ ಮಾಡುವ ಚೈನಿಗಿಂತ ಹಗುರ, ಆಯಿಲ್ ಬೇಡ, ಮುಖ್ಯವಾಗಿ ಸದ್ದು ಕಡಿಮೆ. ಸದ್ದಿಲ್ಲದೆ ಓಡುವುದೇ ಇದರ ಗುಣ. ಹಾಗಾಗಿ ಇದು ಬಾಯಿ ಬಿಟ್ಟಿದೆ ಅಂದರೆ ಏನೋ ಇದೆ, ಬಿಟ್ಟು ಓಡಿಸಬಾರದು.

ಯಾವ ಸದ್ದು ಯಾರದು

ಕಿವಿಗೆ ಬೀಳುವುದನ್ನು ಮೊದಲು ಬಾಯಲ್ಲಿ ಹೇಳಿ ನೋಡಿ. ಕೀಚ್ ಕೀಚ್, ಗುಂಯ್, ಪಟಪಟ, ಗರಗರ, ಟಿಕ್ ಟಿಕ್. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕೀಚ್ ಕೀಚ್ ಅಥವಾ ಕಿರ್‍ರ್ ಅಂತ ಕಿರುಚುವುದು ಹೊರಗಿನ ಬೆಲ್ಟ್. ಆಲ್ಟರ್ನೇಟರ್, ಎಸಿ ಕಂಪ್ರೆಸರ್ ತಿರುಗಿಸುವ ಇದನ್ನು ಇವತ್ತಿಗೂ ಎಲ್ಲರೂ ಫ್ಯಾನ್ ಬೆಲ್ಟ್ ಅಂತಲೇ ಕರೆಯುವುದು. ಅದು ಪುಲ್ಲಿಯ ಮೇಲೆ ಜಾರಿದಾಗ ಕಿರುಚುತ್ತದೆ. ಟೈಮಿಂಗ್ ಬೆಲ್ಟಿಗೆ ಹಲ್ಲಿದೆ, ಅದು ಹಾಗೆ ಜಾರಲು ಆಗುವುದೇ ಇಲ್ಲ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಫ್ಯಾನ್ ಬೆಲ್ಟಿನ ಗೀರುಗಳಿರುವ ಮುಖಕ್ಕೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಹೊಡೆಯಿರಿ. ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾದರೆ ಯಾವುದೋ ಪುಲ್ಲಿ ನೇರ ಇಲ್ಲ. ನೀರು ಬಿದ್ದ ತಕ್ಷಣ ಸದ್ದು ಇನ್ನೂ ಜೋರಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ಈ ನೀರಿನ ಆಟ ಹೊರಗಿನ ಬೆಲ್ಟಿಗೆ ಮಾತ್ರ. ಟೈಮಿಂಗ್ ಕವರ್ ಒಳಗೆ ನೀರು ಬಿಡಬೇಡಿ.

ಗುಂಯ್ ಅನ್ನುವುದು ಅತಿಯಾಗಿ ಬಿಗಿದ ಟೈಮಿಂಗ್ ಬೆಲ್ಟಿನ ದನಿ. ರೇಸ್ ಕೊಟ್ಟಂತೆ ದನಿ ಏರುತ್ತದೆ, ಬಿಟ್ಟಂತೆ ಇಳಿಯುತ್ತದೆ. ಯಾಕೆ ಅಂತ ಲೆಕ್ಕ ಹಾಕಬಹುದು. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲು, ಇಂಜಿನ್ ನಿಮಿಷಕ್ಕೆ 900 ಸುತ್ತು ಅಂದುಕೊಳ್ಳಿ. ಸೆಕೆಂಡಿಗೆ 15 ಸುತ್ತು, ಅಂದರೆ 300 ಹಲ್ಲು ಬೆಲ್ಟಿಗೆ ಬಡಿಯುತ್ತವೆ. 3000 ಸುತ್ತಿಗೆ ಬಂದರೆ ಅದೇ 1000 ಆಗುತ್ತದೆ. ಈ ಹಲ್ಲಿನ ಬಡಿತವೇ ಕಿವಿಗೆ ಗುಂಯ್ ಅಂತ ಕೇಳುವುದು. ಸರಿಯಾದ ಬಿಗಿಯಲ್ಲಿ ಅದು ಬೇರೆ ಸದ್ದುಗಳಲ್ಲಿ ಮುಚ್ಚಿಹೋಗಿರುತ್ತದೆ.

ಇದಕ್ಕೆ ಇನ್ನೊಂದು ಗುರುತಿದೆ, ನಾನು ತುಂಬಾ ನಂಬುವುದು ಅದನ್ನೇ. ಬೆಳಗ್ಗೆ ತಣ್ಣಗಿದ್ದಾಗ ಸದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದು, ಇಂಜಿನ್ ಬಿಸಿಯಾಗುತ್ತಾ ಜೋರಾಗುತ್ತದೆ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುತ್ತದೆ. ಕ್ಯಾಮ್ ಕೂತಿರುವ ಇಂಜಿನ್‌ನ ಮೇಲ್ಭಾಗ, ಅಂದರೆ ಹೆಡ್, ಮೇಲಕ್ಕೆ ಹೋದಷ್ಟೂ ಕ್ರ್ಯಾಂಕಿಗೂ ಕ್ಯಾಮಿಗೂ ಇರುವ ದೂರ ಜಾಸ್ತಿಯಾಗುತ್ತದೆ. ಬೆಲ್ಟ್ ಒಳಗಿರುವುದು ಫೈಬರ್‌ಗ್ಲಾಸ್ ದಾರ, ಅದು ಎಳೆದರೆ ಹಿಗ್ಗುವ ಪೈಕಿ ಅಲ್ಲ. ತಣ್ಣಗಿದ್ದಾಗಲೇ ಬಿಗಿ ಇದ್ದ ಬೆಲ್ಟ್ ಬಿಸಿಯಲ್ಲಿ ಇನ್ನೂ ಬಿಗಿಯಾಗುತ್ತದೆ.

ಪಟಪಟ, ಅಥವಾ ಕವರಿಗೆ ಏನೋ ತಾಗುವ ಟಪ್ ಟಪ್ ಸದ್ದು, ಲೂಸ್ ಬೆಲ್ಟ್ ಇರಬಹುದು. ಐಡ್ಲಿಂಗ್‌ನಲ್ಲಿ, ರೇಸ್ ತಟ್ಟನೆ ಬಿಟ್ಟಾಗ, ಇಂಜಿನ್ ಆಫ್ ಮಾಡಿದ ಕೊನೆಯ ಕ್ಷಣದಲ್ಲಿ ಇದು ಚೆನ್ನಾಗಿ ಕೇಳುತ್ತದೆ. ಇದು ಕೇಳಿದರೆ ಗಾಡಿ ಅಲ್ಲೇ ನಿಲ್ಲಿಸಿ. ಮನೆಗೆ ಹೋಗಿ ನೋಡೋಣ ಅನ್ನುವ ಮಾತು ಬೇಡ.

ಗರಗರ ಬೇರಿಂಗಿನದು: ಟೆನ್ಷನರ್, ಐಡ್ಲರ್ (ಬೆಲ್ಟಿಗೆ ದಾರಿ ತೋರಿಸುವ ಪುಲ್ಲಿ), ವಾಟರ್ ಪಂಪ್ ಅಥವಾ ಆಲ್ಟರ್ನೇಟರ್. ಟಿಕ್ ಟಿಕ್ ಬಹುತೇಕ ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಟ್ಯಾಪೆಟ್. ಅದು ಇಂಜಿನ್ ವೇಗದ ಅರ್ಧಕ್ಕೆ ಬಡಿಯುತ್ತದೆ, ಯಾಕೆಂದರೆ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ತಿರುಗುವುದು ಒಂದೇ ಸುತ್ತು. ಇನ್ನು ನಿಮ್ಮ ಇಂಜಿನ್‌ನಲ್ಲಿ ಚೈನ್ ಇದ್ದರೆ ಈ ಬರಹದ ಬಿಗಿ ಮಾಡುವ ಭಾಗ ನಿಮಗಲ್ಲ.

ಅನುಮಾನ ತೀರಿಸಿಕೊಳ್ಳಲು ಸುಲಭದ ದಾರಿ ಫ್ಯಾನ್ ಬೆಲ್ಟ್ ಬಿಚ್ಚಿ ಇಂಜಿನ್ ಸ್ಟಾರ್ಟ್ ಮಾಡುವುದು. ತಣ್ಣಗಿನ ಇಂಜಿನ್, ಅರ್ಧ ನಿಮಿಷದ ಒಳಗೆ ಆಫ್. ವಾಟರ್ ಪಂಪನ್ನು ಹೊರಗಿನ ಬೆಲ್ಟೇ ತಿರುಗಿಸುತ್ತಿದ್ದರೆ ಆಗ ಕೂಲೆಂಟ್ ಓಡುತ್ತಿರುವುದಿಲ್ಲ, ಅದಕ್ಕೇ ಈ ಅವಸರ. ಬ್ಯಾಟರಿ ಲೈಟ್ ಹತ್ತುತ್ತದೆ, ಗಾಬರಿ ಬೇಡ. ಸದ್ದು ಹೋಯಿತಾ? ಹಾಗಾದರೆ ಟೈಮಿಂಗ್ ಬೆಲ್ಟ್ ತಂಟೆಗೆ ಹೋಗಬೇಡಿ. ಬಿಚ್ಚಿದಾಗಲೇ ಆಲ್ಟರ್ನೇಟರ್ ಪುಲ್ಲಿ, ಐಡ್ಲರ್ ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ನೋಡಿಬಿಡಿ.

ಸದ್ದು ಹಾಗೇ ಇದ್ದರೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ತುದಿಯನ್ನು ಟೆನ್ಷನರ್ ಕೂತಿರುವ ಜಾಗದ ಹತ್ತಿರದ ಲೋಹಕ್ಕೆ, ಆಮೇಲೆ ವಾಟರ್ ಪಂಪ್ ಮೈಗೆ, ಆಮೇಲೆ ಹೆಡ್‌ನ ಮುಂಭಾಗಕ್ಕೆ ಒತ್ತಿ. ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ. ಕೆಟ್ಟ ಬೇರಿಂಗ್ ಇರುವ ಕಡೆ ಕಲ್ಲು ಉಜ್ಜಿದ ಹಾಗೆ ಒರಟು ದನಿ ನೇರ ತಲೆಯೊಳಗೆ ಕೇಳುತ್ತದೆ. ತಿರುಗುವ ಬೆಲ್ಟಿನಿಂದ ಸ್ಕ್ರೂಡ್ರೈವರ್ ದೂರ ಇರಲಿ. ಉದ್ದ ತೋಳಿನ ಅಂಗಿ, ಇಳಿಬಿಟ್ಟ ಕೂದಲು, ಕುತ್ತಿಗೆಯ ಸರ, ಇದೆಲ್ಲ ಬಾನೆಟ್ ಕೆಳಗೆ ಬೇಡ.

ಒಂದು ಗಾಡಿಯ ವಿಷಯ ಹೇಳಲೇಬೇಕು. ಬೇರೆ ಕಡೆ ಬೆಲ್ಟ್ ಬದಲಾಯಿಸಿ ಬಂದಿತ್ತು. ಬದಲಾಯಿಸಿದ ಮೇಲೆ ಓಡಿಸುವಾಗ ಗುಂಯ್ ಅನ್ನುತ್ತಿದೆ, ಗೇರ್‌ಬಾಕ್ಸ್ ಹೋಗಿದೆಯಂತೆ, ಇಳಿಸಬೇಕಂತೆ ಅಂತ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೇಸ್ ಕೊಡಿ ಅಂದೆ. ಗುಂಯ್ ಅಂತು. ಕ್ಲಚ್ ಒತ್ತಿಸಿದೆ. ಒಂದು ಎಳೆ ವ್ಯತ್ಯಾಸ ಇಲ್ಲ. ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಆಗಿದ್ದರೆ ಕ್ಲಚ್ ಒತ್ತಿದಾಗ ಸದ್ದು ಬದಲಾಗಬೇಕಿತ್ತು. ಮೇಲಿನ ಕವರ್ ತೆಗೆದು ಬೆಲ್ಟನ್ನು ಎರಡು ಬೆರಳಲ್ಲಿ ತಿರುಚಲು ನೋಡಿದರೆ ಹಲಗೆಯಂತೆ ನಿಂತಿತ್ತು. ಅರ್ಧಕ್ಕರ್ಧವೂ ತಿರುಗಲಿಲ್ಲ. ಬಿಗಿ ಸರಿ ಮಾಡಿದ ಮೇಲೆ ಗುಂಯ್ ಹೋಯಿತು. ಆದರೆ ಅಷ್ಟರಲ್ಲಿ ವಾಟರ್ ಪಂಪ್ ಶಾಫ್ಟ್ ಅಲ್ಲಾಡುತ್ತಿತ್ತು, ಅದನ್ನು ಬದಲಾಯಿಸಲೇಬೇಕಾಯಿತು. ಗೇರ್‌ಬಾಕ್ಸ್ ಮಾತ್ರ ಇಳಿಸಲಿಲ್ಲ.

ಕವರ್ ತೆಗೆದು ನೋಡುವಾಗ

ಇಂಜಿನ್ ಆಫ್, ಬ್ಯಾಟರಿಯ ನೆಗೆಟಿವ್ ಬಿಚ್ಚಿರಲಿ. ಮೊದಲು ಬೆಲ್ಟ್ ನೋಡಬೇಡಿ, ತೆಗೆದ ಕವರಿನ ಒಳಮೈ ನೋಡಿ. ಪ್ಲಾಸ್ಟಿಕ್ ಮೇಲೆ ನುಣ್ಣಗೆ ಉಜ್ಜಿದ ಗೀರು ಇದ್ದರೆ ಬೆಲ್ಟ್ ಅಲ್ಲಿ ತಾಗುತ್ತಿದೆ. ಗೀರು ಬೆಲ್ಟಿನ ಬೆನ್ನಿನ ಅಗಲಕ್ಕೇ ಇದ್ದರೆ ಲೂಸ್ ಆಗಿ ಬಡಿದಿದೆ. ಬರೀ ಅಂಚಿನಲ್ಲಿ ತೆಳುವಾಗಿ ಕೊರೆದಿದ್ದರೆ ಬೆಲ್ಟ್ ಪಕ್ಕಕ್ಕೆ ಸರಿದು ಓಡಿದೆ. ಎಷ್ಟೋ ಸಲ ಕವರೇ ಸರಿಯಾಗಿ ಕೂತಿರುವುದಿಲ್ಲ, ಬೆಲ್ಟಿನದು ಏನೂ ತಪ್ಪಿರುವುದಿಲ್ಲ.

ಪಕ್ಕಕ್ಕೆ ಸರಿಯುವ ಬೆಲ್ಟಿನ ಅಂಚಿನಲ್ಲಿ ದಾರ ಎದ್ದಿರುತ್ತದೆ, ಸುತ್ತ ಕಪ್ಪು ಪುಡಿ ಬಿದ್ದಿರುತ್ತದೆ. ಇದಕ್ಕೆ ಹೊಸ ಬೆಲ್ಟ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ. ಟೆನ್ಷನರ್ ಕೂತಿರುವ ಸ್ಟಡ್ ವಾಲಿದೆಯಾ, ಬೇರಿಂಗ್ ಅಲ್ಲಾಡುತ್ತದೆಯಾ, ವಾಟರ್ ಪಂಪ್ ವಾಲಿ ಕೂತಿದೆಯಾ ನೋಡಬೇಕು. ಬೆಲ್ಟ್ ಮೇಲೆ ಆಯಿಲ್ ಇದ್ದರೆ ಕ್ಯಾಮ್ ಅಥವಾ ಕ್ರ್ಯಾಂಕ್ ಸೀಲ್ ಸೋರಿದೆ. ಕೂಲೆಂಟ್ ಒಣಗಿದ ಬಿಳಿ ಕಲೆ ಇದ್ದರೆ ಪಂಪ್. ಆಯಿಲ್ ಕುಡಿದ ಬೆಲ್ಟನ್ನು ಒರೆಸಿ ಮತ್ತೆ ಹಾಕುವುದು ಬೇಡ, ರಬ್ಬರ್ ಮೆತ್ತಗಾಗಿರುತ್ತದೆ. ಬಿರುಕು, ಕಿತ್ತ ಹಲ್ಲು, ಗಾಜಿನಂತೆ ಹೊಳೆಯುವ ಬೆನ್ನು, ಇವಕ್ಕೂ ಬಿಗಿ ಮಾಡುವುದು ಮದ್ದಲ್ಲ. ಇನ್ನೊಂದು ಮಾತು. ಈಗಿನ ಎಚ್‌ಎನ್‌ಬಿಆರ್ ರಬ್ಬರಿನ ಬೆಲ್ಟುಗಳು ನೋಡಲು ಚೆನ್ನಾಗಿದ್ದೂ ಒಳಗೆ ದಣಿದಿರಬಹುದು. ಕಿಲೋಮೀಟರ್ ಮತ್ತು ವರ್ಷದ ಲೆಕ್ಕ ಮ್ಯಾನ್ಯುಯಲ್ ಹೇಳಿದಂತೆ ನಡೆಯಲಿ.

ಬೆಲ್ಟ್ ಹೊರಗೆ ಬಂದಿದ್ದರೆ ಐಡ್ಲರನ್ನು ಬೆರಳಲ್ಲಿ ತಿರುಗಿಸಿ. ಒಳ್ಳೆಯ ಬೇರಿಂಗ್ ಗ್ರೀಸಿನ ಭಾರಕ್ಕೆ ಸ್ವಲ್ಪ ತಿರುಗಿ ನಿಲ್ಲುತ್ತದೆ. ಬುಗುರಿಯ ಹಾಗೆ ಸರ್‍ರನೆ ತಿರುಗುತ್ತಲೇ ಇದ್ದರೆ ಖುಷಿ ಪಡಬೇಡಿ, ಗ್ರೀಸ್ ಒಣಗಿದೆ. ಹಾಗಾಗಿಯೇ ಬೆಲ್ಟ್ ಜೊತೆ ಟೆನ್ಷನರ್ ಮತ್ತು ಐಡ್ಲರ್ ಕೂಡ ಹೊಸದು ಹಾಕಿ ಅನ್ನುವುದು. ವಾಟರ್ ಪಂಪ್ ಇದೇ ಬೆಲ್ಟಿನಲ್ಲಿದ್ದರೆ ಅದೂ ಸೇರಲಿ.

ಬಿಗಿ ಎಷ್ಟು ಅಂತ ತಿಳಿಯುವುದು ಹೇಗೆ

ಹಳೆಯ ಪದ್ಧತಿ ಬೆರಳಿನದು. ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗದ ಮಧ್ಯದಲ್ಲಿ ಹೆಬ್ಬೆರಳು, ತೋರುಬೆರಳಿನಿಂದ ಬೆಲ್ಟ್ ಹಿಡಿದು ತಿರುಚಬೇಕು. ಸಾಧಾರಣ ಬಲಕ್ಕೆ 90 ಡಿಗ್ರಿ ತಿರುಗಿ ಅಲ್ಲಿಗೆ ನಿಂತರೆ ಸರಿಸುಮಾರು ಸರಿ. ಸಲೀಸಾಗಿ ಅದನ್ನು ದಾಟಿದರೆ ಲೂಸ್, 45ಕ್ಕೇ ಹಟ ಹಿಡಿದರೆ ಟೈಟ್. ಟೆನ್ಷನರನ್ನು ಕೈಯಲ್ಲಿ ಹೊಂದಿಸುವ ಹಳೆಯ ಇಂಜಿನ್‌ಗಳ ಹಲವು ಮ್ಯಾನ್ಯುಯಲ್‌ಗಳಲ್ಲಿ ಇದೇ ಇತ್ತು. ಆದರೆ ನನ್ನ ಬೆರಳಿನ ಸಾಧಾರಣ ಬಲ ಬೇರೆ, ನಿಮ್ಮದು ಬೇರೆ ಅಲ್ವಾ? ಅನುಮಾನ ಪರೀಕ್ಷೆಗೆ ಇದು ಸಾಕು. ಕೊನೆಯ ಮಾತಿಗೆ ಸಾಲದು.

ನಂಬಬಹುದಾದದ್ದು ಬೆಲ್ಟಿನ ಶ್ರುತಿ. ಬೆಲ್ಟಿನ ಉದ್ದದ ಭಾಗವನ್ನು ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯ ಹಾಗೆ ಒಂದು ದನಿ ಬರುತ್ತದೆ. ಬಿಗಿ ಹೆಚ್ಚಿದಷ್ಟೂ ದನಿ ಮೇಲೆ. ಮೈಕ್ ಇರುವ ಟೆನ್ಷನ್ ಮೀಟರ್ ಇದನ್ನು ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ, ತೋರಿಸುತ್ತದೆ. ಸುತ್ತ ನಿಶ್ಶಬ್ದ ಇದ್ದರೆ ಫೋನಿನ ಫ್ರೀಕ್ವೆನ್ಸಿ ಆಪ್ ಕೂಡ ಕೆಲಸ ಮಾಡುತ್ತದೆ. ಮೈಕನ್ನು ಬೆಲ್ಟಿಗೆ ಒಂದು ಸೆಂಟಿಮೀಟರ್ ಹತ್ತಿರ, ತಾಗದಂತೆ ಹಿಡಿಯಿರಿ. ಮ್ಯಾನ್ಯುಯಲ್ ಹೇಳಿದ ಭಾಗದಲ್ಲೇ ಮೀಟಬೇಕು. ಉದ್ದದ ಭಾಗ ತಗ್ಗಿನ ದನಿ ಕೊಡುತ್ತದೆ, ಗಿಡ್ಡ ಭಾಗ ಏರಿದ ದನಿ ಕೊಡುತ್ತದೆ. ಜಾಗ ತಪ್ಪಿದರೆ ಅಂಕಿ ಅಷ್ಟೂ ಸುಳ್ಳು.

ಇಲ್ಲಿ ಒಂದು ಗುಟ್ಟಿದೆ. ಬಿಗಿ ಹೆಚ್ಚುವುದು ಹರ್ಟ್ಜ್‌ನ ವರ್ಗಕ್ಕೆ ತಕ್ಕಂತೆ. ಓದಿದ ಅಂಕಿ ಹೇಳಿದ್ದಕ್ಕಿಂತ ಶೇ. 10 ಜಾಸ್ತಿ ಬಂದರೆ ಬಿಗಿ ಶೇ. 21 ಜಾಸ್ತಿ. ಹತ್ತಿರ ಇದೆ, ನಡೆಯುತ್ತದೆ ಬಿಡು ಅಂತ ಬಿಟ್ಟ ಅಂಕಿಯೇ ನಾಳೆ ಗುಂಯ್ ಅನ್ನುವುದು. ಹೊಸ ಬೆಲ್ಟಿಗೆ ಒಂದು ಅಂಕಿ, ಓಡಿದ ಬೆಲ್ಟಿಗೆ ಅದಕ್ಕಿಂತ ಕಡಿಮೆ ಅಂಕಿ ಕೊಟ್ಟಿರುವ ಮ್ಯಾನ್ಯುಯಲ್‌ಗಳಿವೆ. ಹಳೆಯ ಬೆಲ್ಟಿಗೆ ಹೊಸದರ ಅಂಕಿ ಹಾಕಬೇಡಿ.

ಹೊಂದಿಸುವ ಕೆಲಸ

ಇಂಜಿನ್ ರಾತ್ರಿಯಿಡೀ ನಿಂತು ತಣ್ಣಗಾಗಿರಲಿ. ಬಿಸಿ ಇಂಜಿನ್‌ನಲ್ಲಿ ಸರಿಯಾಗಿ ಹೊಂದಿಸಿದ ಬೆಲ್ಟ್ ತಣ್ಣಗಾದಾಗ ಲೂಸ್ ಆಗುತ್ತದೆ, ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಹಲ್ಲು ಹಾರುವುದು ಹೀಗೇ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಪೆಟ್ರೋಲ್ ಇಂಜಿನ್ ಆದರೆ ಸ್ಪಾರ್ಕ್ ಪ್ಲಗ್ ತೆಗೆಯಿರಿ, ತಿರುಗಿಸುವುದು ಹಗುರ.

ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಇಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ ಒಂದನೇ ಸಿಲಿಂಡರಿನ ಪಿಸ್ಟನ್ನನ್ನು ಟಾಪಿಗೆ, ಅಂದರೆ ಮೇಲ್ತುದಿಗೆ, ತನ್ನಿ. ಕ್ರ್ಯಾಂಕ್ ಮಾರ್ಕ್, ಕ್ಯಾಮ್ ಮಾರ್ಕ್ ಎರಡೂ ಕೂಡಬೇಕು. ಹಿಂದಕ್ಕೆ ತಿರುಗಿಸಬೇಡಿ, ಕ್ಯಾಮ್ ಬೋಲ್ಟ್ ಹಿಡಿದು ಇಂಜಿನ್ ತಿರುಗಿಸಲೂಬೇಡಿ. ಕ್ರ್ಯಾಂಕ್ ಎಳೆಯುವ ಕಡೆ ಬೆಲ್ಟ್ ಸದಾ ಬಿಗಿ, ಟೆನ್ಷನರ್ ಇರುವುದು ಸಡಿಲದ ಕಡೆ. ಉಲ್ಟಾ ತಿರುಗಿಸಿದರೆ ಸಡಿಲ ಜಾಗ ಬದಲಾಗಿ ಹಲ್ಲು ಹಾರಬಹುದು.

ಹೊಸ ಬೆಲ್ಟ್ ಹಾಕುವುದಾದರೆ ಕ್ರ್ಯಾಂಕಿನಿಂದ ಶುರು ಮಾಡಿ. ಬಿಗಿ ಇರುವ ಕಡೆಯಿಂದ ಮೇಲಕ್ಕೆ ಕ್ಯಾಮ್‌ಗೆ, ಕೊನೆಗೆ ಟೆನ್ಷನರ್ ಮೇಲೆ. ಇದ್ದಬದ್ದ ಸಡಿಲವೆಲ್ಲ ಟೆನ್ಷನರ್ ಕಡೆಗೇ ಬಂದಿರಬೇಕು. ಬೆಲ್ಟನ್ನು ಮಡಚಬೇಡಿ, ಒಳಗೆ ಹೊರಗೆ ಮಾಡಬೇಡಿ, ಸ್ಕ್ರೂಡ್ರೈವರ್ ಹಾಕಿ ಮೀಟಿ ಏರಿಸಬೇಡಿ. ಒಳಗಿನ ಫೈಬರ್‌ಗ್ಲಾಸ್ ಮುರಿದರೆ ಹೊರಗೆ ಗೊತ್ತೇ ಆಗುವುದಿಲ್ಲ.

ಮುಂದಿನದು ಟೆನ್ಷನರ್ ಯಾವುದು ಅನ್ನುವುದರ ಮೇಲೆ.

ಸ್ಪ್ರಿಂಗ್ ಇರುವುದಾದರೆ ಬೋಲ್ಟ್ ಸಡಿಲಿಸಿ, ಸ್ಪ್ರಿಂಗಿಗೆ ಅದರ ಕೆಲಸ ಮಾಡಲು ಬಿಡಿ. ಕ್ರ್ಯಾಂಕನ್ನು ಮ್ಯಾನ್ಯುಯಲ್ ಹೇಳಿದಷ್ಟು ತಿರುಗಿಸಿ, ಆಮೇಲೆ ಬೋಲ್ಟ್ ಬಿಗಿ ಮಾಡಿ. ಅದಕ್ಕೆ ಸಹಾಯ ಮಾಡಲು ರಾಡ್ ಹಾಕಿ ಮೀಟುವವರನ್ನು ನೋಡಿದ್ದೇನೆ. ಅತಿ ಟೈಟ್ ಬೆಲ್ಟುಗಳು ಹುಟ್ಟುವುದೇ ಅಲ್ಲಿ.

ಮುಳ್ಳು ಮತ್ತು ಕಚ್ಚು ಇರುವ ಆಟೋಮ್ಯಾಟಿಕ್ ಟೆನ್ಷನರ್ ಆದರೆ, ಮೊದಲು ಅದರ ಹಿಂಬದಿಯ ಕೊಂಡಿ ಹೆಡ್‌ನಲ್ಲಿ ಅದಕ್ಕೆಂದೇ ಇರುವ ಗುಂಡಿಯಲ್ಲಿ ಕೂತಿದೆಯಾ ನೋಡಿ. ಅಲೆನ್ ಕೀ ಅಥವಾ ಎರಡು ಪಿನ್ನಿನ ಸ್ಪ್ಯಾನರ್‌ನಿಂದ ಬಾಣ ತೋರಿಸಿದ ದಿಕ್ಕಿನಲ್ಲೇ ತಿರುಗಿಸಿ, ಮುಳ್ಳನ್ನು ಕಚ್ಚಿನ ನೇರಕ್ಕೆ ತನ್ನಿ. ಈಗ ಬೋಲ್ಟ್ ಬಿಗಿ ಮಾಡುವಾಗ ಗಮನ ಎಲ್ಲ ಮುಳ್ಳಿನ ಮೇಲಿರಲಿ. ಬೋಲ್ಟಿನ ತಲೆ ತಿರುಗುತ್ತಾ ಟೆನ್ಷನರನ್ನೂ ಜೊತೆಗೆ ಎಳೆಯುತ್ತದೆ. ಮುಳ್ಳು ಕೂದಲೆಳೆಯಷ್ಟು ಜರುಗುತ್ತದೆ, ಆಮೇಲೆ ಇನ್ನೊಂದಿಷ್ಟು. ಒಂದು ಕೈಯಲ್ಲಿ ಅಲೆನ್ ಕೀ ಅಲ್ಲಾಡದಂತೆ ಹಿಡಿದು, ಇನ್ನೊಂದರಲ್ಲಿ ಟಾರ್ಕ್ ರೆಂಚ್ ಎಳೆಯಬೇಕು. ಕ್ಲಿಕ್ ಅಂದ ಮೇಲೆ ಮತ್ತೆ ಮುಳ್ಳು ನೋಡಿ. ಸರಿದಿದ್ದರೆ ಬಿಚ್ಚಿ ಮೊದಲಿನಿಂದ. ಬೇಜಾರಿನ ಕೆಲಸವೇ, ಆದರೆ ಇದನ್ನು ತಪ್ಪಿಸಿಕೊಳ್ಳುವ ದಾರಿ ನನಗೆ ಸಿಕ್ಕಿಲ್ಲ.

ಹೈಡ್ರಾಲಿಕ್ ಆದರೆ ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ ನಿಧಾನವಾಗಿ ಒತ್ತಿ, ಪಿನ್ ಹಾಕಿ, ಗಾಡಿಗೆ ಕೂರಿಸಿ, ಬೆಲ್ಟ್ ಹಾಕಿದ ಮೇಲೆ ಪಿನ್ ಎಳೆಯಿರಿ. ಕೈಯಲ್ಲಿ ಒತ್ತಿದರೆ ಸಲೀಸಾಗಿ ಒಳಗೆ ಹೋಗುವಂಥದ್ದು, ಆಯಿಲ್ ಒಸರಿರುವುದು ಬದಲಾಗಲಿ.

ಯಾವುದೇ ಆಗಲಿ, ಈಗ ಕ್ರ್ಯಾಂಕನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ. ಅದು ವಾಲ್ವ್ ಪಿಸ್ಟನ್‌ಗೆ ತಾಗಿದ್ದೂ ಇರಬಹುದು. ಎರಡು ಸುತ್ತಾದ ಮೇಲೆ ಪುಲ್ಲಿಗಳ ಮಾರ್ಕ್ ಮತ್ತೆ ಕೂಡಬೇಕು. ಬೆಲ್ಟ್ ಮೇಲೆ ಕಂಪನಿ ಹಾಕಿದ ಬಣ್ಣದ ಗೆರೆ ಮಾತ್ರ ಕೂಡುವುದಿಲ್ಲ. ಅದು ಕೂರಿಸುವಾಗಿನ ಗುರುತು ಅಷ್ಟೇ. ಬೆಲ್ಟಿನ ಹಲ್ಲಿನ ಲೆಕ್ಕ ಬೇರೆ, ಪುಲ್ಲಿಯದು ಬೇರೆ. ಹೊಸಬರು ಇಲ್ಲಿ ಗಾಬರಿಯಾಗಿ ಸರಿ ಇದ್ದದ್ದನ್ನು ಬಿಚ್ಚಿಹಾಕುತ್ತಾರೆ.

ಮಾರ್ಕ್ ಕೂಡಿದ ಮೇಲೆ, ಕೈಯಲ್ಲಿ ಹೊಂದಿಸುವ ಟೆನ್ಷನರ್ ಆದರೆ ಹರ್ಟ್ಜ್ ಮತ್ತೆ ಅಳೆಯಿರಿ. ಮೊದಲ ಅಂಕಿಗಿಂತ ಇಳಿದಿದ್ದರೆ ಆಶ್ಚರ್ಯ ಬೇಡ, ಬೆಲ್ಟ್ ಹಲ್ಲುಗಳಲ್ಲಿ ಈಗ ಸರಿಯಾಗಿ ಕೂತಿದೆ. ಹೊಂದಿಸಿ, ಇನ್ನೆರಡು ಸುತ್ತು ತಿರುಗಿಸಿ, ಮತ್ತೆ ಅಳೆಯಿರಿ. ಅಂಕಿ ಕದಲದೆ ನಿಂತಾಗ ಮುಗಿಯಿತು. ಅಳೆಯುವಾಗೆಲ್ಲ ಕ್ರ್ಯಾಂಕ್ ಒಂದೇ ಜಾಗದಲ್ಲಿರಲಿ. ವಾಲ್ವ್ ಸ್ಪ್ರಿಂಗುಗಳು ಕ್ಯಾಮನ್ನು ಒಂದೊಂದು ಕಡೆ ಒಂದೊಂದು ಥರ ಎಳೆಯುವುದರಿಂದ ಜಾಗ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಸ್ಟಾರ್ಟ್ ಮಾಡಿದ ಮೇಲೆ

ಕವರ್, ಕ್ರ್ಯಾಂಕ್ ಪುಲ್ಲಿ, ಫ್ಯಾನ್ ಬೆಲ್ಟ್ ಎಲ್ಲ ವಾಪಸ್ ಹಾಕಿ ಸ್ಟಾರ್ಟ್ ಮಾಡಿ. ಕ್ರ್ಯಾಂಕ್ ಬೋಲ್ಟ್ ಒಂದೇ ಸಲ ಬಳಸುವಂಥದ್ದಾದರೆ ಹೊಸದೇ ಹಾಕಿ. ತಣ್ಣಗಿದ್ದಾಗ ಒಮ್ಮೆ ಕೇಳಿ, ರೇಡಿಯೇಟರ್ ಫ್ಯಾನ್ ಒಮ್ಮೆ ಓಡಿ ನಿಂತ ಮೇಲೆ ಇನ್ನೊಮ್ಮೆ ಕೇಳಿ. ತಣ್ಣಗೆ ಸುಮ್ಮನಿದ್ದು ಬಿಸಿಯಲ್ಲಿ ಗುಂಯ್ ಅಂದರೆ ಇನ್ನೂ ಟೈಟ್ ಇದೆ. ಮತ್ತೆ ತಣ್ಣಗಾಗುವ ತನಕ ಕಾದು ಸಡಿಲಿಸಬೇಕು, ಬಿಸಿಯಲ್ಲೇ ಕೈ ಹಾಕಬೇಡಿ.

ಪೋರ್ಷೆ 944 ಥರದ, ಕೈಯಲ್ಲಿ ಟೆನ್ಷನ್ ಹೊಂದಿಸುವ ಹಳೆಯ ಇಂಜಿನ್‌ಗಳಲ್ಲಿ ಹೊಸ ಬೆಲ್ಟನ್ನು ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. 944ರಲ್ಲಿ ಕ್ಯಾಮ್‌ಗೆ ಒಂದು ಬೆಲ್ಟ್, ಬ್ಯಾಲೆನ್ಸ್ ಶಾಫ್ಟಿಗೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಬಿಗಿ. ಆಟೋಮ್ಯಾಟಿಕ್ ಟೆನ್ಷನರ್‌ಗೆ ಈ ಕೆಲಸ ಇಲ್ಲ, ಮುಳ್ಳು ಎಲ್ಲಿದೆ ಅಂತ ಇಣುಕಿ ನೋಡಿದರೆ ಸಾಕು. ನಾನು ಕೊನೆಗೆ ಒಂದು ಚೀಟಿಯಲ್ಲಿ ತಾರೀಖು, ಮೀಟರ್ ರೀಡಿಂಗ್, ತಣ್ಣಗಿದ್ದಾಗ ಬಂದ ಹರ್ಟ್ಜ್ ಬರೆದು ಕವರಿನ ಹೊರಮೈಗೆ ಅಂಟಿಸುತ್ತೇನೆ. ಮುಂದಿನ ಸಲ ಬಾನೆಟ್ ಎತ್ತುವವರು ನಾನೇ ಆಗಿರಬೇಕೆಂದಿಲ್ಲ.